ಉತ್ತರ ಬಾರದ ಅರ್ಜಿಗಳು

ಗ್ರೀಸ್ ದೇಶದ ಕ್ರೀಟ್ ದ್ವೀಪದಲ್ಲಿರುವ ಹೆರಾಕ್ಲಿಯನ್ ನಗರದಲ್ಲಿ 1983ರ ಮಾರ್ಚ್ ಕೊನೆಯಲ್ಲಿ ಯೆಹೋವನ ಸಾಕ್ಷಿಗಳು ಎಂಬ ಪುಟ್ಟ ಕ್ರೈಸ್ತ ಪಂಗಡಕ್ಕೆ ಸೇರಿದ ವ್ಯಕ್ತಿಯೊಬ್ಬರು ತಮ್ಮವರ ಸಭೆ, ಮದುವೆಗಳಿಗೆಂದು ಒಂದು ಹಾಲ್ ಬಾಡಿಗೆಗೆ ಹಿಡಿದರು. ಆ ದೇಶದಲ್ಲಿ ಆರ್ಥಡಾಕ್ಸ್ ಚರ್ಚಿನದೇ ಪ್ರಾಬಲ್ಯ. ಬೇರೆ ಯಾವ ಪಂಗಡದವರು ಪ್ರಾರ್ಥನಾ ಸ್ಥಳ ತೆರೆಯಬೇಕಾದರೂ 1938ರಲ್ಲಿ, ಸರ್ವಾಧಿಕಾರಿ ಮೆಟಾಕ್ಸಾಸ್‌ನ ಕಾಲದಲ್ಲಿ ಬಂದ ಕಾನೂನಿನ ಪ್ರಕಾರ ಸರ್ಕಾರದ ಅನುಮತಿ ಪಡೆಯಬೇಕಿತ್ತು. ಇವರೂ ಅದೇ ವರ್ಷ ಜೂನ್‌ನಲ್ಲಿ ಶಿಕ್ಷಣ ಮತ್ತು ಧಾರ್ಮಿಕ ವ್ಯವಹಾರಗಳ ಸಚಿವಾಲಯಕ್ಕೆ ಅರ್ಜಿ ಹಾಕಿದರು. ಜುಲೈಯಲ್ಲಿ ಸ್ಥಳೀಯ ಆರ್ಥಡಾಕ್ಸ್ ಚರ್ಚು ಪೊಲೀಸರಿಗೆ ದೂರು ಕೊಟ್ಟಿತು. ಸಚಿವಾಲಯದಿಂದ 1983ರ ನವೆಂಬರ್‌ನಲ್ಲೊಂದು ಉತ್ತರ ಬಂತು, 1984ರಲ್ಲಿ ಮತ್ತೆ ಕೆಲವು ಬಂದವು. ಎಲ್ಲದರ ಸಾರವೂ ಒಂದೇ ಆಗಿತ್ತು: ಇತರ ಇಲಾಖೆಗಳಿಂದ ಬರಬೇಕಾದ ಮಾಹಿತಿ ಇನ್ನೂ ಬಂದಿಲ್ಲ, ಹಾಗಾಗಿ ಈಗಲೇ ತೀರ್ಮಾನ ಹೇಳಲಾಗದು. ಆ ತೀರ್ಮಾನ ಬರಲೇ ಇಲ್ಲ. ಬಂದದ್ದು ಕ್ರಿಮಿನಲ್ ಮೊಕದ್ದಮೆ. ಅನುಮತಿಯಿಲ್ಲದೆ ಪ್ರಾರ್ಥನಾ ಸ್ಥಳ ನಡೆಸಿದ ಅಪರಾಧಕ್ಕೆ 1990ರಲ್ಲಿ ಮೇಲ್ಮನವಿ ನ್ಯಾಯಾಲಯವು ಅವರಿಗೂ ಅವರ ಸಂಗಡಿಗರಿಗೂ ಮೂರು ತಿಂಗಳ ಸೆರೆವಾಸವನ್ನೂ ತಲಾ 20,000 ಡ್ರಾಕ್ಮಾ ದಂಡವನ್ನೂ ವಿಧಿಸಿತು. ಸೆರೆವಾಸದ ಬದಲು ಹಣ ಕಟ್ಟಲು ಅವಕಾಶವಿತ್ತು. 1993ರಲ್ಲಿ ಪೊಲೀಸರು ಆ ಹಾಲ್‌ನ ಬಾಗಿಲಿಗೆ ಮುದ್ರೆ ಹಾಕಿದರು.

ಹಾಲ್ ಬಾಡಿಗೆಗೆ ಹಿಡಿದವರ ಹೆಸರಿನಿಂದ ಮಾನುಸ್ಸಾಕಿಸ್ ಪ್ರಕರಣ ಎಂದು ಕರೆಯಲಾಗುವ ಈ ದಾವೆಯಲ್ಲಿ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯವು 1996ರ ಸೆಪ್ಟೆಂಬರ್‌ನಲ್ಲಿ ಗ್ರೀಸ್ ವಿರುದ್ಧ ಸರ್ವಾನುಮತದ ತೀರ್ಪು ಕೊಟ್ಟಿತು. ಅರ್ಜಿಗೆ ಇಷ್ಟು ದಿನದೊಳಗೆ ಉತ್ತರಿಸಬೇಕೆಂಬ ಗಡುವು ಕಾನೂನಿನಲ್ಲಿ ಇರಲಿಲ್ಲ, ನಿರಾಕರಿಸದೆ ಸುಮ್ಮನೆ ಕಾಯಿಸುತ್ತ ಹೋಗುವುದಕ್ಕೆ ಅಡ್ಡಿಯೇ ಇರಲಿಲ್ಲ. ಇದನ್ನು ಮೊದಲಿಗೆ ಹೇಳುವುದಕ್ಕೆ ಕಾರಣವಿದೆ. ಅಲ್ಪಸಂಖ್ಯಾತರ ಪ್ರಾರ್ಥನಾ ಸ್ಥಳಗಳ ನೆಲಸಮದ ಬಗ್ಗೆ ನಾವು ಮಾತಾಡುವುದು ಹೆಚ್ಚಾಗಿ ಜೆಸಿಬಿ ಬಂದ ದಿನದಿಂದ. ಆ ದಿನದ ಚಿತ್ರ ಕಣ್ಣಿಗೆ ರಾಚುತ್ತದೆ, ಸುದ್ದಿಯಾಗುತ್ತದೆ. ಆದರೆ ಒಂದು ಕಟ್ಟಡವನ್ನು ಕಾನೂನಿನ ಹೆಸರಿನಲ್ಲಿ ಕೆಡವಬೇಕಾದರೆ ಅದು ಮೊದಲು ಕಾನೂನಿಗೆ ಹೊರಗಿನದ್ದಾಗಬೇಕು, ಮತ್ತು ಅದನ್ನು ಹೊರಗಿನದ್ದಾಗಿಸುವ ಕೆಲಸ ಎಷ್ಟೋ ವರ್ಷ ಮೊದಲೇ ಕಚೇರಿಯ ಕಡತದಲ್ಲಿ ನಡೆದುಹೋಗಿರುತ್ತದೆ. ಅನುಮತಿ ಕೊಡಬೇಕಾದವರೇ ಕೊಡದೆ ಕೂರುತ್ತಾರೆ. ಜನ ದೇವರಿಗೆ ಕೈಮುಗಿಯುವುದನ್ನು ಅನುಮತಿ ಬರುವ ತನಕ ಮುಂದೂಡಲಾಗದೆ ಎಲ್ಲೋ ಒಂದು ಕಡೆ ಸೇರುತ್ತಾರೆ. ಆಗ ಅದೇ ಕಚೇರಿ ಬಂದು, ನಿಮ್ಮಲ್ಲಿ ಅನುಮತಿ ಪತ್ರವಿಲ್ಲವಲ್ಲ ಎನ್ನುತ್ತದೆ. ನನ್ನನ್ನು ಬಹುಕಾಲದಿಂದ ಕಾಡುತ್ತಿರುವುದು ಈ ವಿಧಾನ. ಧರ್ಮ ಬದಲಾದರೂ ದೇಶ ಬದಲಾದರೂ ಇದು ಹೆಚ್ಚು ಬದಲಾಗುವುದಿಲ್ಲ.

ಈಜಿಪ್ಟಿನಲ್ಲಿ ಇದರ ಬೇರು ಇನ್ನೂ ಆಳ. 1856ರಲ್ಲಿ ಒಟ್ಟೋಮನ್ ಸುಲ್ತಾನನು ಹೊರಡಿಸಿದ ಫರ್ಮಾನು ತನ್ನ ಕಾಲಕ್ಕೆ ಉದಾರವೇ ಆಗಿತ್ತು. ಮುಸ್ಲಿಮೇತರರಿಗೆ ಸಮಾನತೆಯ ಭರವಸೆ ಕೊಟ್ಟಿದ್ದ ಆ ಆಜ್ಞೆಯು ಅವರು ಹೊಸ ಆರಾಧನಾ ಸ್ಥಳ ಕಟ್ಟಲು ಮಾತ್ರ ದೊರೆಯ ಅನುಮತಿ ಬೇಕೆಂದಿತ್ತು. ಸುಲ್ತಾನ ಹೋದ, ರಾಜರು ಬಂದರು, ರಾಜರು ಹೋಗಿ ಅಧ್ಯಕ್ಷರು ಬಂದರು, ಅನುಮತಿಯ ಅಧಿಕಾರ ಮಾತ್ರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತ ಉಳಿಯಿತು. 1934ರಲ್ಲಿ ಒಳಾಡಳಿತ ಇಲಾಖೆಯ ಅಧಿಕಾರಿಯಾಗಿದ್ದ ಅಲ್-ಅಜಬಿ ಪಾಷಾ ಅದಕ್ಕೆ ಹತ್ತು ಷರತ್ತುಗಳನ್ನು ಸೇರಿಸಿದ. ಉದ್ದೇಶಿತ ಚರ್ಚಿಗೂ ಹತ್ತಿರದ ಮಸೀದಿಗೂ ಇರುವ ದೂರವೆಷ್ಟು? ಸುತ್ತಲಿನ ಮುಸ್ಲಿಮರ ಆಕ್ಷೇಪವಿದೆಯೇ? ಅದೇ ಪಂಗಡದ ಇನ್ನೊಂದು ಚರ್ಚು ಊರಿನಲ್ಲಿದೆಯೇ? ಕ್ರೈಸ್ತರು ಎಷ್ಟು ಜನ? ಜಾಗವು ನೈಲ್ ನದಿಯ ಸೇತುವೆ, ಕಾಲುವೆ ಅಥವಾ ರೈಲು ಹಳಿಯ ಹತ್ತಿರವಿದ್ದರೆ ಸಂಬಂಧಪಟ್ಟ ಇಲಾಖೆಯ ಅಭಿಪ್ರಾಯವೇನು? ಇವೆಲ್ಲಕ್ಕೂ ಉತ್ತರ ಸಂಗ್ರಹಿಸಿ, ಪೊಲೀಸ್ ವರದಿ ಸೇರಿಸಿ, ಕೊನೆಗೆ ದೇಶದ ಮುಖ್ಯಸ್ಥನ ಸಹಿಗೆ ಕಳಿಸಬೇಕಿತ್ತು. ಹಳೆಯ ಚರ್ಚಿನ ಗೋಡೆಯ ದುರಸ್ತಿಗೂ ಅಧ್ಯಕ್ಷರ ಅಪ್ಪಣೆಯೇ ಬೇಕಿತ್ತು. ದುರಸ್ತಿಯ ಅಧಿಕಾರ ರಾಜ್ಯಪಾಲರ ಮಟ್ಟಕ್ಕೆ ಇಳಿದದ್ದು 1998ರಲ್ಲಿ. ಮಸೀದಿಗಳಿಗೆ ಇಂಥ ಅಧ್ಯಕ್ಷೀಯ ಆದೇಶದ ಅಗತ್ಯವಿರಲಿಲ್ಲ.

ಪರಿಣಾಮ ಊಹಿಸಬಹುದಾದದ್ದೇ. ಈಜಿಪ್ಟಿನ ಮಿನ್ಯಾ ಪ್ರಾಂತದಂಥ ಕಡೆ ಹಳ್ಳಿಯ ಕಾಪ್ಟಿಕ್ ಕ್ರೈಸ್ತರು ಯಾರದೋ ಮನೆಯ ಒಂದು ಮಹಡಿಯಲ್ಲಿ ಪ್ರಾರ್ಥನೆ ಆರಂಭಿಸುತ್ತಿದ್ದರು. ಮನೆಯನ್ನು ಗುಟ್ಟಾಗಿ ಚರ್ಚು ಮಾಡುತ್ತಿದ್ದಾರೆ ಎಂಬ ಸುದ್ದಿ ಹಬ್ಬಿ ಗುಂಪು ಸೇರುತ್ತಿತ್ತು. ಶಾಂತಿ ಕಾಪಾಡುವ ಹೆಸರಿನಲ್ಲಿ ಪೊಲೀಸರು ಬಂದು ಮುಚ್ಚಿಸುತ್ತಿದ್ದದ್ದು ಆ ಮನೆಯನ್ನೇ. 1972ರಲ್ಲಿ ಖಾಂಕಾ ಎಂಬ ಊರಿನಲ್ಲಿ ಅನುಮತಿಯಿಲ್ಲದ ಪ್ರಾರ್ಥನಾ ಕಟ್ಟಡಕ್ಕೆ ಬೆಂಕಿ ಬಿದ್ದ ಮೇಲೆ ಸಂಸತ್ತಿನ ಸಮಿತಿಯೊಂದು ವಿಚಾರಣೆ ನಡೆಸಿ, ಈ ಅನುಮತಿ ವ್ಯವಸ್ಥೆಯನ್ನು ಬದಲಾಯಿಸಬೇಕೆಂದು ಶಿಫಾರಸು ಮಾಡಿತು. ಹೊಸ ಕಾನೂನು ಬರಲು 2016 ಆಗಬೇಕಾಯಿತು. ನಾಲ್ಕು ತಿಂಗಳೊಳಗೆ ರಾಜ್ಯಪಾಲರು ಉತ್ತರಿಸಬೇಕೆಂದು ಅದು ಹೇಳುತ್ತದೆ. ಆ ಕಾನೂನಿನಡಿ ಸಕ್ರಮಕ್ಕಾಗಿ ಅರ್ಜಿ ಹಾಕಿದ ಚರ್ಚುಗಳು ಮತ್ತು ಅವುಗಳಿಗೆ ಸೇರಿದ ಕಟ್ಟಡಗಳ ಸಂಖ್ಯೆ 3,700ಕ್ಕೂ ಹೆಚ್ಚು. ಒಂದು ಸಮುದಾಯದ ಅಷ್ಟೊಂದು ಕಟ್ಟಡಗಳು ಅಕ್ರಮ ಎನಿಸಿಕೊಂಡಾಗ, ತಪ್ಪನ್ನು ಆ ಸಮುದಾಯದ ನಡತೆಯಲ್ಲಿ ಹುಡುಕುವುದು ನನಗಂತೂ ಸಾಧ್ಯವಿಲ್ಲ.

ಇಂಡೋನೇಷ್ಯಾದಲ್ಲಿ ಅಧಿಕಾರಿಯ ಬದಲು ನೆರೆಹೊರೆಯವರ ಕೈಗೆ ಬೀಗದ ಕೈ ಕೊಡಲಾಗಿದೆ. 2006ರಲ್ಲಿ ಅಲ್ಲಿನ ಧಾರ್ಮಿಕ ವ್ಯವಹಾರಗಳ ಸಚಿವರೂ ಗೃಹ ಸಚಿವರೂ ಸೇರಿ ಹೊರಡಿಸಿದ ಜಂಟಿ ಆದೇಶದ ಪ್ರಕಾರ, ಪ್ರಾರ್ಥನಾ ಸ್ಥಳ ಕಟ್ಟುವವರು ತಮ್ಮಲ್ಲಿ ಕನಿಷ್ಠ 90 ಜನ ಬಳಕೆದಾರರಿದ್ದಾರೆಂದು ಗುರುತಿನ ಚೀಟಿ ಸಮೇತ ತೋರಿಸಬೇಕು. ಜೊತೆಗೆ ಸ್ಥಳೀಯರಲ್ಲಿ 60 ಜನರ ಒಪ್ಪಿಗೆ ತರಬೇಕು. ಮೇಲೆ ಜಿಲ್ಲೆಯ ಧಾರ್ಮಿಕ ವ್ಯವಹಾರಗಳ ಕಚೇರಿಯ ಶಿಫಾರಸು, ಸರ್ವಧರ್ಮ ವೇದಿಕೆಯ ಶಿಫಾರಸು ಬೇಕು. ಓದಲು ನಿಯಮ ಎಲ್ಲರಿಗೂ ಒಂದೇ. ಆದರೆ ಬಹುಸಂಖ್ಯಾತರಿಗೆ ತಮ್ಮದೇ ಬೀದಿಯಲ್ಲಿ 60 ಸಹಿ ಸಿಗುವುದು ಒಂದು ಸಂಜೆಯ ಕೆಲಸ, ಅಲ್ಪಸಂಖ್ಯಾತರು ಅದೇ 60 ಸಹಿಗಾಗಿ ತಮ್ಮನ್ನು ಇಷ್ಟಪಡದವರ ಮನೆಬಾಗಿಲು ತಟ್ಟಬೇಕು. ಸಹಿ ಹಾಕಿದವರ ಮೇಲೆ ಒತ್ತಡ ಬಂದು ಅವರು ಹಿಂದೆಗೆಯಬಹುದು. ಸಹಿಗಳು ಖೋಟಾ ಎಂಬ ಆರೋಪ ಬಂದರೆ ಇಡೀ ಅರ್ಜಿ ಬಿದ್ದುಹೋಗಬಹುದು. ಇದರ ಪೆಟ್ಟು ಕ್ರೈಸ್ತರಿಗೆ ಮಾತ್ರ ಬೀಳುತ್ತದೆ ಎಂದೇನೂ ಇಲ್ಲ, ಕ್ರೈಸ್ತರು ಹೆಚ್ಚಿರುವ ಕುಪಾಂಗ್‌ನಲ್ಲಿ ಮಸೀದಿ ಕಟ್ಟಲು ಹೊರಟ ಮುಸ್ಲಿಮರಿಗೂ ಅಡ್ಡಿ ಎದುರಾಗಿದೆ. ಯಾರು ಎಲ್ಲಿ ಕಡಿಮೆಯೋ ಅವರಿಗೆ ಅಲ್ಲಿ ಈ ನಿಯಮ ಗೋಡೆಯಾಗುತ್ತದೆ.

2013ರ ಮಾರ್ಚ್ 21ರಂದು ಜಕಾರ್ತಾದ ಪಕ್ಕದ ಬೆಕಾಸಿಯಲ್ಲಿ, ಬಾಟಕ್ ಜನಾಂಗದ ಪ್ರೊಟೆಸ್ಟೆಂಟರ ಚರ್ಚೊಂದನ್ನು ಸ್ಥಳೀಯ ಸರ್ಕಾರ ಕೆಡವಿತು. ಕಾಮಗಾರಿ ಇನ್ನೂ ನಡೆಯುತ್ತಿದ್ದ ಆ ಕಟ್ಟಡದ ಮುಂದೆ ಸಭೆಯ ಹೆಂಗಸರು ಅಳುತ್ತ, ಪ್ರಾರ್ಥಿಸುತ್ತ, ಅಧಿಕಾರಿಗಳನ್ನು ಬೇಡಿಕೊಳ್ಳುತ್ತ ನಿಂತಿದ್ದರು. ಇನ್ನೊಂದು ಬದಿಯಲ್ಲಿ ಕೆಡವಲೇಬೇಕೆಂದು ಪಟ್ಟುಹಿಡಿದ ಗುಂಪು ಘೋಷಣೆ ಕೂಗುತ್ತಿತ್ತು. ನಡುವೆ ಸಮವಸ್ತ್ರದ ಸಿಬ್ಬಂದಿಯ ಸಾಲು, ಅದರಾಚೆ ಯಂತ್ರದ ತೋಳು ಇಟ್ಟಿಗೆ ಗೋಡೆಯನ್ನು ತಳ್ಳುತ್ತಿತ್ತು. ಪರವಾನಗಿ ಇರಲಿಲ್ಲ ಎಂಬುದು ಸರ್ಕಾರದ ವಿವರಣೆ, ಮತ್ತು ಅದು ನಿಜವೇ. ಆ ಪರವಾನಗಿ ಏಕೆ ಇರಲಿಲ್ಲ ಎಂಬ ಪ್ರಶ್ನೆಗೆ ಆ ಬೆಳಿಗ್ಗೆ ಅಲ್ಲಿದ್ದ ಯಾವ ಅಧಿಕಾರಿಯೂ ಉತ್ತರಿಸಬೇಕಾಗಿರಲಿಲ್ಲ.

ಪರವಾನಗಿ ಇದ್ದರೆ ಎಲ್ಲ ಸರಿಹೋಗುತ್ತಿತ್ತೇ? ಬೆಕಾಸಿಗೆ ಹೆಚ್ಚು ದೂರವಿಲ್ಲದ ಬೋಗೋರ್ ನಗರದಲ್ಲಿ ಯಾಸ್ಮಿನ್ ಬಡಾವಣೆಯ ಚರ್ಚಿಗೆ 2006ರಲ್ಲೇ ಪರವಾನಗಿ ಸಿಕ್ಕಿತ್ತು. ವಿರೋಧ ಬಂದೊಡನೆ ನಗರಾಡಳಿತ 2008ರಲ್ಲಿ ಅದನ್ನು ತಡೆಹಿಡಿಯಿತು. ಸಭೆಯವರು ಕೋರ್ಟಿಗೆ ಹೋದರು, 2010ರ ಡಿಸೆಂಬರ್‌ನಲ್ಲಿ ದೇಶದ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಮೇಯರ್ 2011ರ ಮಾರ್ಚ್‌ನಲ್ಲಿ ಪರವಾನಗಿಯನ್ನೇ ರದ್ದುಮಾಡಿದರು. ಆಡಳಿತದ ಮೇಲಿನ ದೂರುಗಳನ್ನು ವಿಚಾರಿಸುವ ಒಂಬಡ್ಸ್‌ಮನ್ ಕೂಡ ಇದು ತಪ್ಪೆಂದು ಹೇಳಿದ್ದು ವ್ಯರ್ಥವಾಯಿತು. ಸಭೆಯವರು ಮೊದಲು, ಬಾಗಿಲು ಮುಚ್ಚಿಸಲಾಗಿದ್ದ ಚರ್ಚಿನ ಮುಂದಿನ ಕಾಲುದಾರಿಯ ಮೇಲೆ, ಆಮೇಲೆ 2012ರಿಂದ ವರ್ಷಗಟ್ಟಲೆ ಜಕಾರ್ತಾದ ಅಧ್ಯಕ್ಷರ ಅರಮನೆಯ ಎದುರು, ಬಿಸಿಲಲ್ಲಿ ನಿಂತು ಆರಾಧನೆ ನಡೆಸಿದರು. ಕೊನೆಗೆ ಬೇರೆ ಜಾಗದಲ್ಲಿ ನಗರಾಡಳಿತವೇ ನೆಲ ಕೊಟ್ಟು, 2023ರಲ್ಲಿ ಹೊಸ ಚರ್ಚು ಬಾಗಿಲು ತೆರೆಯಿತು. ಇದನ್ನು ಸುಖಾಂತ್ಯ ಎನ್ನುವವರಿದ್ದಾರೆ. ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ ಗೆದ್ದವರು ಹನ್ನೆರಡು ವರ್ಷ ಕಾದು, ಗೆದ್ದ ಜಾಗವನ್ನು ಬಿಟ್ಟುಕೊಟ್ಟು, ಕೊಟ್ಟದ್ದನ್ನು ತೆಗೆದುಕೊಳ್ಳಬೇಕಾದದ್ದನ್ನು ಹಾಗೆ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇದಕ್ಕೆ ಎದುರಾಗಿ ಅಮೆರಿಕದ ಟೆನೆಸಿ ರಾಜ್ಯದ ಮರ್‌ಫ್ರೀಸ್‌ಬರೊ ಊರಿನ ಮಸೀದಿಯನ್ನು ನೆನೆಯಬಹುದು. 2010ರಲ್ಲಿ ಅಲ್ಲಿನ ಯೋಜನಾ ಆಯೋಗ ಕಟ್ಟಡಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಎದ್ದ ಪ್ರತಿಭಟನೆ ಸಣ್ಣದಾಗಿರಲಿಲ್ಲ. ಇಸ್ಲಾಂ ಒಂದು ಧರ್ಮವೇ ಅಲ್ಲ ಎಂಬ ವಾದವನ್ನು ವಿರೋಧಿಗಳು ನ್ಯಾಯಾಲಯದ ತನಕ ಒಯ್ದರು. ಸಾರ್ವಜನಿಕ ಪ್ರಕಟಣೆ ಸಾಲದಾಗಿತ್ತೆಂದು ಸ್ಥಳೀಯ ನ್ಯಾಯಾಧೀಶರು 2012ರಲ್ಲಿ ಅನುಮತಿಯನ್ನು ಅನೂರ್ಜಿತಗೊಳಿಸಿದರು. ಆಗ ಕೇಂದ್ರ ಸರ್ಕಾರದ ನ್ಯಾಯ ಇಲಾಖೆಯೇ ಮುಂದೆ ಬಂತು. ಧಾರ್ಮಿಕ ಭೂಬಳಕೆಯ ಬಗ್ಗೆ 2000ದಲ್ಲಿ ಬಂದಿದ್ದ ಕಾನೂನನ್ನು ಹಿಡಿದು ಅದು ಫೆಡರಲ್ ನ್ಯಾಯಾಲಯಕ್ಕೆ ಹೋಯಿತು, ಜುಲೈಯಲ್ಲಿ ಆದೇಶವಾಯಿತು, ಆಗಸ್ಟ್‌ನಲ್ಲಿ ಮಸೀದಿ ತೆರೆಯಿತು. ಆ ಕಾನೂನಿನ ಒಂದು ಅಳತೆಗೋಲು ನನಗೆ ಬಹಳ ಹಿಡಿಸುತ್ತದೆ: ಜನ ಗುಂಪಾಗಿ ಸೇರುವ ಧಾರ್ಮಿಕೇತರ ಸ್ಥಳಗಳಿಗೆ ಯಾವ ಷರತ್ತೋ ಪ್ರಾರ್ಥನಾ ಸ್ಥಳಕ್ಕೆ ಅದಕ್ಕಿಂತ ಕಠಿಣ ಷರತ್ತು ಇರಬಾರದು. ಒಂದು ಕ್ಲಬ್ಬಿಗೆ ಆ ಬೀದಿಯಲ್ಲಿ ಜಾಗವಿದ್ದರೆ ಮಸೀದಿಗೆ ಇಲ್ಲವೆನ್ನುವಂತಿಲ್ಲ. ವಾಹನ ದಟ್ಟಣೆ, ಬೆಂಕಿಯ ಅಪಾಯ, ಶಬ್ದ ಎಂಬ ಆಕ್ಷೇಪಗಳೆಲ್ಲ ಈ ಅಳತೆಗೆ ಸಿಕ್ಕಿದಾಗ ಯಾವುದು ನಿಜವಾದ ಕಾಳಜಿ, ಯಾವುದು ನೆಪ ಎಂಬುದು ಬೇಗ ತಿಳಿಯುತ್ತದೆ.

ನಿಯಂತ್ರಣವೇ ಬೇಡ ಎಂದು ನಾನು ವಾದಿಸುತ್ತಿಲ್ಲ. ಸಾವಿರ ಜನ ಸೇರುವ ಕಟ್ಟಡಕ್ಕೆ ತುರ್ತು ನಿರ್ಗಮನದ ಬಾಗಿಲು ಇರಲೇಬೇಕು. ಆಂಬುಲೆನ್ಸ್ ಹೋಗುವ ರಸ್ತೆಯ ನಡುವೆ ಗುಡಿಯೋ ದರ್ಗಾವೋ ಶಿಲುಬೆಯೋ ಎದ್ದರೆ ಅದನ್ನು ಸರಿಸಲೇಬೇಕಾಗುತ್ತದೆ, ಇಂಥ ಕಡೆ ಭಕ್ತಿಯನ್ನು ಮುಂದೊಡ್ಡಿ ನೆಲ ಹೊಡೆಯುವವರೂ ಇದ್ದಾರೆ. ಕಾನೂನು ಎಲ್ಲರಿಗೂ ಒಂದೇ ಆಗಬೇಕೆಂಬ ಮಾತನ್ನು ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ಹಾಗೆ ಒಪ್ಪುವುದರಿಂದಲೇ ಮುಂದಿನ ಉದಾಹರಣೆಗಳು ನನ್ನನ್ನು ಹೆಚ್ಚು ನೋಯಿಸುತ್ತವೆ.

ಚೀನಾದಲ್ಲಿ ಸರ್ಕಾರಿ ನೋಂದಣಿ ಇದ್ದರೂ ರಕ್ಷಣೆಯಿಲ್ಲ. ಝೆಜಿಯಾಂಗ್ ಪ್ರಾಂತದ ವೆನ್‌ಝೌ ಪ್ರದೇಶದಲ್ಲಿದ್ದ ಸಾನ್‌ಜಿಯಾಂಗ್ ಚರ್ಚು ಸರ್ಕಾರಿ ಮಾನ್ಯತೆಯ ಪ್ರೊಟೆಸ್ಟೆಂಟ್ ವ್ಯವಸ್ಥೆಗೇ ಸೇರಿತ್ತು. ಮಂಜೂರಾದ ಅಳತೆಗಿಂತ ಬಹಳ ದೊಡ್ಡದಾಗಿ ಕಟ್ಟಿದ್ದಾರೆಂಬ ಕಾರಣ ಕೊಟ್ಟು, ಭಕ್ತರು ವಾರಗಟ್ಟಲೆ ಕಾವಲು ಕೂತಿದ್ದರೂ ಬಿಡದೆ, 2014ರ ಏಪ್ರಿಲ್ 28ರಂದು ಅದನ್ನು ನೆಲಸಮ ಮಾಡಲಾಯಿತು. ಅಕ್ರಮ ಕಟ್ಟಡಗಳ ವಿರುದ್ಧದ ಅಭಿಯಾನ ಎಂಬ ಹೆಸರಿನಲ್ಲಿ ಅದೇ ಝೆಜಿಯಾಂಗ್ ಪ್ರಾಂತದಲ್ಲಿ ಸಾವಿರಕ್ಕೂ ಹೆಚ್ಚು ಚರ್ಚುಗಳ ಶಿಖರದಿಂದ ಶಿಲುಬೆ ಇಳಿಸಲಾಯಿತು. ಕಟ್ಟಡ ಅಕ್ರಮವಾಗಿದ್ದರೆ ಅದರ ಮೇಲಿನ ಶಿಲುಬೆಯನ್ನಷ್ಟೇ ತೆಗೆದರೆ ಅದು ಸಕ್ರಮವಾಗುವುದು ಹೇಗೆ? ನಿಂಗ್‌ಷಿಯಾದ ವೈಝೌ ಊರಿನಲ್ಲಿ ಹುಯಿ ಮುಸ್ಲಿಮರು ತಮ್ಮ ದೊಡ್ಡ ಮಸೀದಿಯನ್ನು ಹೊಸದಾಗಿ ಕಟ್ಟಿ ಮುಗಿಸಿದ್ದರು. 2018ರ ಆಗಸ್ಟ್ 3ರಂದು ಬಂದ ನೋಟಿಸು, ಯೋಜನಾ ಅನುಮತಿ ಇಲ್ಲವಾದ್ದರಿಂದ 10ರೊಳಗೆ ಕೆಡವಿಕೊಳ್ಳಿ ಎಂದಿತು. ಎಲ್ಲರ ಕಣ್ಣೆದುರು ವರ್ಷಗಟ್ಟಲೆ ಕೆಲಸ ನಡೆಯುವಾಗ ಸರ್ಕಾರ ಏಕೆ ತಡೆಯಲಿಲ್ಲ ಎಂಬ ಪ್ರಶ್ನೆ ಅಲ್ಲಿನ ಜನರದ್ದು. ಅವರು ಗುಂಪಾಗಿ ಧರಣಿ ಕೂತರು, ಕೆಡವುವುದು ನಿಂತಿತು. ಆಮೇಲೆ ಗುಮ್ಮಟಗಳನ್ನು ತೆಗೆದು ಚೀನೀ ಶೈಲಿಯ ಚಾವಣಿ ಕೂರಿಸಲಾಯಿತು, ಯೋಜನಾ ಅನುಮತಿಯ ಮಾತು ಅಲ್ಲಿಗೆ ಮುಗಿಯಿತು. ಷಿನ್‌ಜಿಯಾಂಗ್‌ನ ಕಥೆ ಇದಕ್ಕಿಂತ ಘೋರ. ಆಸ್ಟ್ರೇಲಿಯಾದ ಒಂದು ಅಧ್ಯಯನ ಸಂಸ್ಥೆಯು ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿ, ಅಲ್ಲಿ ಸುಮಾರು 16,000 ಮಸೀದಿಗಳು ಹಾನಿಗೊಂಡಿವೆ ಅಥವಾ ನಾಶವಾಗಿವೆ ಎಂದು 2020ರಲ್ಲಿ ಅಂದಾಜಿಸಿತು. ಚೀನಾ ಅದನ್ನು ಅಲ್ಲಗಳೆದಿದೆ.

ನಮ್ಮ ದೇಶದ ಮಾತಿಗೆ ಬರುತ್ತೇನೆ. 2006ರ ಮೇ 1ರಂದು ವಡೋದರಾದಲ್ಲಿ ರಸ್ತೆ ಅಗಲೀಕರಣಕ್ಕಾಗಿ ಹಳೆಯ ದರ್ಗಾ ಒಂದನ್ನು ಕೆಡವಿದಾಗ ಗಲಭೆಯಾಗಿ ಪ್ರಾಣಹಾನಿಯಾಯಿತು. ಆ ಬೆನ್ನಲ್ಲೇ ಗುಜರಾತ್ ಹೈಕೋರ್ಟ್ ಕೊಟ್ಟ ಆದೇಶದಿಂದ ಶುರುವಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್ 29ರಂದು ದೇಶಕ್ಕೆಲ್ಲ ಅನ್ವಯವಾಗುವ ಮಧ್ಯಂತರ ಆದೇಶ ಹೊರಡಿಸಿತು. ರಸ್ತೆ, ಉದ್ಯಾನ ಮೊದಲಾದ ಸಾರ್ವಜನಿಕ ಜಾಗಗಳಲ್ಲಿ ದೇವಸ್ಥಾನ, ಚರ್ಚು, ಮಸೀದಿ, ಗುರುದ್ವಾರ ಯಾವುದನ್ನೂ ಹೊಸದಾಗಿ ಕಟ್ಟಲು ಬಿಡಬಾರದು, ಈಗಾಗಲೇ ಇರುವುದನ್ನು ರಾಜ್ಯಗಳು ಒಂದೊಂದಾಗಿ ಪರಿಶೀಲಿಸಿ ತೀರ್ಮಾನಿಸಬೇಕು. ನ್ಯಾಯವಾದ ಆದೇಶವೇ. ಒಂದೊಂದಾಗಿ ಪರಿಶೀಲಿಸುವುದೆಂದರೆ ಏನು ಎಂಬುದನ್ನು ಮಾತ್ರ ಪ್ರತಿ ಆಡಳಿತವೂ ತನ್ನಿಷ್ಟದಂತೆ ಅರ್ಥಮಾಡಿಕೊಂಡಿತು.

ಕರ್ನಾಟಕದಲ್ಲಿ ಇದರ ಇನ್ನೊಂದು ಮುಖ ಕಂಡದ್ದು 2021ರ ಸೆಪ್ಟೆಂಬರ್‌ನಲ್ಲಿ. ಈ ಆದೇಶದ ಪಾಲನೆ ಎಂದು ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯ ಮಹದೇವಮ್ಮ ದೇವಸ್ಥಾನವನ್ನು ಕೆಡವಲಾಯಿತು. ಊರಿನವರ ನೋವು ನಿಜವಾದದ್ದು, ಆ ದೇವಸ್ಥಾನವನ್ನು ಹಾಗೆ ಕೆಡವಬಾರದಿತ್ತು ಎಂದೇ ನನ್ನ ಅಭಿಪ್ರಾಯ. ರಾಜ್ಯದಾದ್ಯಂತ ಆಕ್ರೋಶ ಎದ್ದಿತು, ಅದೇ ತಿಂಗಳು ವಿಧಾನಸಭೆಯು ಧಾರ್ಮಿಕ ಕಟ್ಟಡಗಳ ಸಂರಕ್ಷಣಾ ಮಸೂದೆಯನ್ನು ಅಂಗೀಕರಿಸಿತು. ಕಾನೂನಿನ ಪದಗಳಲ್ಲಿ ಮಸೀದಿಗೂ ಚರ್ಚಿಗೂ ಅದರ ನೆರಳಿದೆ, ಅದು ಒಳ್ಳೆಯದು. ಆದರೆ ಸರ್ಕಾರಕ್ಕೆ ಮನಸ್ಸಿದ್ದರೆ ಅಕ್ರಮವನ್ನು ಸಕ್ರಮ ಮಾಡಲು ಎಷ್ಟು ದಿನ ಸಾಕು ಎಂಬುದೂ ಅದರಿಂದ ತಿಳಿಯಿತು. ದೆಹಲಿಯ ತುಘಲಕಾಬಾದಿನಲ್ಲಿ 2019ರ ಆಗಸ್ಟ್‌ನಲ್ಲಿ ಸಂತ ರವಿದಾಸರ ಮಂದಿರವನ್ನು ಕೋರ್ಟಿನ ಆದೇಶದ ಮೇರೆಗೆ ಕೆಡವಿದಾಗಲೂ ಹೀಗೆಯೇ ಆಯಿತು. ದಲಿತ ಸಮುದಾಯ ಬೀದಿಗಿಳಿಯಿತು, ಅಕ್ಟೋಬರ್ ಹೊತ್ತಿಗೆ ಕೇಂದ್ರ ಸರ್ಕಾರ 400 ಚದರ ಮೀಟರ್ ಜಾಗ ಕೊಡಲು ಒಪ್ಪಿತು. ಅರಣ್ಯದ ಜಾಗ, ಒತ್ತುವರಿ ಎಂದು ಕಟುವಾಗಿ ನಿಂತಿದ್ದ ಕಾನೂನು ಎರಡೇ ತಿಂಗಳಲ್ಲಿ ಬಗ್ಗಿತು. ಬಗ್ಗಿದ್ದು ಸರಿ. ಬೀದಿ ತುಂಬುವಷ್ಟು ಜನಬಲವಿಲ್ಲದವರ ಪಾಲಿಗೆ ಅದು ಬಗ್ಗುವುದಿಲ್ಲ ಎಂಬುದು ನನ್ನ ಸಂಕಟ.

ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯ ರಾಮ ಸನೇಹಿ ಘಾಟ್‌ನಲ್ಲಿ ತಹಸೀಲ್ ಕಚೇರಿಯ ಆವರಣಕ್ಕೆ ತಾಗಿದಂತೆ ಇದ್ದ ಗರೀಬ್ ನವಾಜ್ ಮಸೀದಿಗೆ 2021ರ ಮಾರ್ಚ್‌ನಲ್ಲಿ ನೋಟಿಸು ಬಂತು. ತಮ್ಮಲ್ಲಿ 1959ರಿಂದ ವಿದ್ಯುತ್ ಸಂಪರ್ಕವಿರುವ ದಾಖಲೆ ಇದೆ ಎಂದು ಮಸೀದಿಯ ಸಮಿತಿ ಹೇಳಿತು. ಅದು ಮಸೀದಿಯೇ ಅಲ್ಲ, ಅಕ್ರಮ ವಸತಿ ಕಟ್ಟಡ ಎಂದು ಆಡಳಿತ ಹೇಳಿತು. ಕೋವಿಡ್‌ನ ಎರಡನೆಯ ಅಲೆ ಜೋರಾಗಿದ್ದ ಆ ದಿನಗಳಲ್ಲಿ ಅಲಹಾಬಾದ್ ಹೈಕೋರ್ಟ್, ಮೇ 31ರ ತನಕ ಯಾವ ತೆರವು, ನೆಲಸಮ ಕಾರ್ಯಾಚರಣೆಯೂ ಬೇಡವೆಂದು ಏಪ್ರಿಲ್ 24ರಂದು ಆದೇಶಿಸಿತ್ತು. ಮೇ 17ರಂದು ಮಸೀದಿ ನೆಲಸಮವಾಯಿತು. ದೆಹಲಿಯ ಮೆಹ್ರೌಲಿಯಲ್ಲಿ 2024ರ ಜನವರಿ 30ರ ನಸುಕಿನಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಕೆಡವಿದ ಅಖೂಂದ್‌ಜಿ ಮಸೀದಿಯಂತೂ 1922ರ ಪುರಾತತ್ವ ಇಲಾಖೆಯ ಪಟ್ಟಿಯಲ್ಲೇ ದಾಖಲಾಗಿತ್ತು. ಪ್ರಾಧಿಕಾರ ಹುಟ್ಟಿದ್ದು 1957ರಲ್ಲಿ. ತನಗಿಂತ ಎಷ್ಟೋ ಹಳೆಯದಾದ ಕಟ್ಟಡವೊಂದು ತನ್ನ ಜಾಗವನ್ನು ಒತ್ತುವರಿ ಮಾಡಿದೆ ಎಂದು ಒಂದು ಸಂಸ್ಥೆ ಹೇಳಿದಾಗ, ಅದಕ್ಕೆ ಆಧಾರವೇನೆಂದು ಕೇಳುವುದಕ್ಕೂ ಅಲ್ಲಿದ್ದವರಿಗೆ ಸಮಯ ಸಿಗಲಿಲ್ಲ. ದೆಹಲಿ ಹೈಕೋರ್ಟ್ ಆ ಪ್ರಶ್ನೆ ಕೇಳಿದ್ದು ಮಸೀದಿ ನೆಲಕ್ಕುರುಳಿದ ಮೇಲೆ. ಧಾರ್ಮಿಕ ಕಟ್ಟಡಗಳ ತೆರವಿನ ಪ್ರಸ್ತಾವಗಳನ್ನು ನೋಡುವ ಸರ್ಕಾರಿ ಸಮಿತಿಯೊಂದರ ಒಪ್ಪಿಗೆ ಪಡೆದೇ ತೆರವು ಮಾಡಿದ್ದೇವೆಂದು ಪ್ರಾಧಿಕಾರ ಉತ್ತರಿಸಿತು.

2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಬುಲ್ಡೋಜರ್ ಕಾರ್ಯಾಚರಣೆಗಳ ವಿರುದ್ಧ ಕೊಟ್ಟ ತೀರ್ಪಿನಲ್ಲಿ, ನೋಂದಾಯಿತ ಅಂಚೆಯಲ್ಲಿ ನೋಟಿಸು, 15 ದಿನಗಳ ಕಾಲಾವಕಾಶ, ಖುದ್ದು ವಿಚಾರಣೆ, ಕಾರಣ ಸಹಿತ ಆದೇಶ ಎಲ್ಲವನ್ನೂ ಕಡ್ಡಾಯ ಮಾಡಿತು. ಓದಿ ನನಗೆ ಬಹಳ ಸಮಾಧಾನವಾಗಿತ್ತು. ಆದರೆ ರಸ್ತೆ, ಕಾಲುದಾರಿ, ರೈಲು ಹಳಿಯ ಬದಿ, ನದಿ ಅಥವಾ ಜಲಮೂಲದಂಥ ಸಾರ್ವಜನಿಕ ಜಾಗದಲ್ಲಿರುವ ಅನಧಿಕೃತ ಕಟ್ಟಡಗಳಿಗೆ ಈ ನಿರ್ದೇಶನಗಳು ಅನ್ವಯವಾಗುವುದಿಲ್ಲ ಎಂಬ ವಿನಾಯಿತಿಯೂ ಅದೇ ತೀರ್ಪಿನಲ್ಲಿದೆ. ಬಡವರ, ಅಲ್ಪಸಂಖ್ಯಾತರ ಪ್ರಾರ್ಥನಾ ಸ್ಥಳಗಳ ಪೈಕಿ ಖಾತೆ, ಪಹಣಿ, ನಕ್ಷೆ ಎಲ್ಲ ಸರಿಯಿರುವ ಜಾಗದಲ್ಲಿ ಇರುವಂಥವು ಎಷ್ಟಿದ್ದಾವು? ಜಾಗ ಸಾರ್ವಜನಿಕವೋ ಅಲ್ಲವೋ ಎಂಬುದೇ ಹೆಚ್ಚಿನ ಕಡೆ ಜಗಳದ ಮೂಲವಾಗಿರುವಾಗ, ಅದನ್ನು ಮೊದಲೇ ತೀರ್ಮಾನಿಸಿಕೊಂಡ ಅಧಿಕಾರಿಗೆ ನೋಟಿಸಿನ ಹಂಗೂ ಇಲ್ಲವೆಂದರೆ, ವಿಚಾರಣೆ ಯಾವ ಘಟ್ಟದಲ್ಲಿ ನಡೆಯಬೇಕು?

ನನ್ನ ಮಟ್ಟಿಗೆ ಕೆಲವು ಸಂಗತಿಗಳು ಸ್ಪಷ್ಟವಾಗಿವೆ. ಅರ್ಜಿಗೆ ಗಡುವಿರಬೇಕು, ಗಡುವು ಮೀರಿದರೆ ಅನುಮತಿ ಸಿಕ್ಕಿದೆಯೆಂದೇ ಭಾವಿಸಬೇಕು, ಇಲ್ಲವಾದರೆ ಹೆರಾಕ್ಲಿಯನ್‌ನಲ್ಲಿ ಆದದ್ದು ಎಲ್ಲಿ ಬೇಕಾದರೂ ಆಗುತ್ತದೆ. ನೆರೆಯವರ ಒಪ್ಪಿಗೆಯನ್ನು ಷರತ್ತಾಗಿ ಇಡಲೇಬಾರದು. ನೆರೆಯವರು ಶಬ್ದದ ಬಗ್ಗೆ ದೂರಬಹುದು, ಪಕ್ಕದವರ ದೇವರ ಬಗ್ಗೆ ಮತ ಚಲಾಯಿಸುವ ಹಕ್ಕು ಅವರಿಗೆ ಇರಕೂಡದು. ಜಾಗ ಯಾರದೆಂದು ತೀರ್ಮಾನಿಸುವವರು ಕೆಡವುವ ಇಲಾಖೆಯವರೇ ಆಗಿರಬಾರದು. ನಿಜಕ್ಕೂ ತೆರವು ಅನಿವಾರ್ಯವಾದಾಗ, ರವಿದಾಸ ಮಂದಿರಕ್ಕೆ ಕೊನೆಯಲ್ಲಿ ಸಿಕ್ಕ ಬದಲಿ ಜಾಗದ ಮಾತು ಎಲ್ಲರಿಗೂ ಮೊದಲಲ್ಲೇ ಬರಬೇಕು. ಇನ್ನು, 2009ರ ಆದೇಶದಂತೆ ಪ್ರತಿ ಕಟ್ಟಡದ ವಿಷಯದಲ್ಲಿ ಆಡಳಿತ ಕೈಗೊಂಡ ತೀರ್ಮಾನವೂ ಅದರ ಕಾರಣವೂ ಎಲ್ಲ ಧರ್ಮಗಳ ಕಟ್ಟಡಗಳನ್ನು ಒಟ್ಟಿಗೆ ಸೇರಿಸಿದ ಒಂದೇ ಪಟ್ಟಿಯಾಗಿ ಪ್ರಕಟವಾಗಬೇಕು. ಯಾವುದನ್ನು ಸಕ್ರಮ ಮಾಡಲಾಯಿತು, ಯಾವುದನ್ನು ಸ್ಥಳಾಂತರಿಸಲಾಯಿತು, ಯಾವುದನ್ನು ಕೆಡವಲಾಯಿತು ಎಂಬುದನ್ನು ಯಾರು ಬೇಕಾದರೂ ಪಕ್ಕಪಕ್ಕದಲ್ಲಿಟ್ಟು ಓದುವಂತಿರಬೇಕು. ಮೆಹ್ರೌಲಿಯ ಮಸೀದಿಯ ಬಗ್ಗೆ ಆ ಸಮಿತಿ ಏನು ನೋಡಿ ಒಪ್ಪಿಗೆ ಕೊಟ್ಟಿತೋ ಆ ಟಿಪ್ಪಣಿ, ಜೆಸಿಬಿ ಹೊರಡುವುದಕ್ಕೆ ಮೊದಲು, ಅಲ್ಲಿ ನಮಾಜು ಮಾಡುತ್ತಿದ್ದವರ ಕೈಗೆ ಸಿಗಬೇಕಿತ್ತು.